ಸಿನಿಮಾ ನೋಡಿದರೆ ಮಗ ಏನಾದರೂ ಕಲಿಯುತ್ತಾನಾ?

ಹಾಸನದ ಮೇಡಂಗೆ ನಮಸ್ಕಾರ. ಪಿಯುಸಿ ಓದುವ ಮಗನ ಜೊತೆ ಭಾನುವಾರ ಸಿನಿಮಾ ನೋಡಿದರೆ ಅವನು ಏನಾದರೂ ಕಲಿಯುತ್ತಾನಾ, ಇಲ್ಲಾ ಬರೀ ಟೈಂಪಾಸಾ ಅಂತ ಕೇಳಿದ್ದೀರಿ. ಕಲಿಯುತ್ತಾನೆ. ಆದರೆ ಸುಮ್ನೆ ನೋಡಿದರೆ ಸಾಲದು.

ಪೀಟರ್ಸನ್ ಮತ್ತು ಸೆಲಿಗ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿ ಮನುಷ್ಯನ 24 ಒಳ್ಳೆಯ ಗುಣಗಳ ಪಟ್ಟಿ ಕೊಟ್ಟರು. ಧೈರ್ಯ, ಕರುಣೆ, ಕುತೂಹಲ, ಕ್ಷಮೆ, ಹಾಸ್ಯ ಎಲ್ಲ ಅದರಲ್ಲಿವೆ. ಸಿನಿಮಾಕ್ಕೆ ಮುಂಚೆ ಒಂದು ಗುಣ ಮಾತ್ರ ಆರಿಸಿಕೊಳ್ಳಿ. ಅದು ಯಾರಲ್ಲಿ, ಯಾವಾಗ ಕಾಣುತ್ತೆ ಅಂತ ಹುಡುಕುತ್ತಾ ನೋಡಿ. ಎಲ್ಲದರಲ್ಲೂ ಗೆಲ್ಲುವ ಹೀರೋ ಇದಕ್ಕೆ ಪ್ರಯೋಜನವಿಲ್ಲ. ತಪ್ಪು ಮಾಡಿ ತಿದ್ದಿಕೊಳ್ಳುವವನು ಬೇಕು.

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನೋಡಿದ್ದು ಹೀಗೇ. ಮರೆವಿನ ಕಾಯಿಲೆಯ ಅಪ್ಪನಾಗಿ ಅನಂತ್ ನಾಗ್ ಕಳೆದುಹೋಗುತ್ತಾರೆ. ಹುಡುಕುತ್ತಾ ಹೋದ ಹಾಗೆ ಮಗನಿಗೆ ಅಪ್ಪ ಎಂಥವರು ಅಂತ ಗೊತ್ತಾಗುತ್ತೆ. ಅರ್ಧಕ್ಕೇ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಇಲ್ಲಿ ಅದು ಮಾಮೂಲಿ ಅಲ್ವಾ! ಮೇಣದಬತ್ತಿ ಹಚ್ಚಿ ಕೂತಾಗ ನನ್ನ ಮಗ ಕೇಳಿದ, ‘ತಾತಂಗೆ ಯಾವ ತಿಂಡಿ ಇಷ್ಟ?’ ನನಗೂ ಗೊತ್ತಿರಲಿಲ್ಲ, ನಾಚಿಕೆಯಾಯಿತು. ಮೂಡಿಗೆರೆಗೆ ಫೋನ್ ಮಾಡಿ ಕೇಳಿದೆವು. ಕಡುಬಂತೆ, ಅದೂ ಹಿಂದಿನ ದಿನದ್ದು, ಒಗ್ಗರಣೆ ಹಾಕಿದ್ದು.

ಮನಸ್ಸು ತೀರಾ ಕುಗ್ಗಿದ್ದರೆ ಸಿನಿಮಾ ನೆಚ್ಚಿಕೊಳ್ಳಬೇಡಿ, ಡಾಕ್ಟರ ಹತ್ತಿರ ಹೋಗಿ. ಉಪದೇಶವಂತೂ ಬೇಡವೇ ಬೇಡ. ‘ನೋಡು, ಅವನ ಥರ ಇರು’ ಅಂದರೆ ಹುಡುಗರು ಎದ್ದು ಹೋಗುತ್ತಾರೆ. ‘ನೀನಾಗಿದ್ದರೆ ಏನು ಮಾಡ್ತಿದ್ದೆ?’ ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಿದ್ದುಬಿಡಿ.