ಆಕ್ಟೇವಿಯಾ ಆರ್‌ಎಸ್ ತನ್ನ ಖದರು ಕಳೆದುಕೊಂಡಿದೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಕೆಲವು ಸ್ನೇಹಿತರು ಭಾನುವಾರ ಬೆಳಗಿನ ಜಾವ ಹೆಬ್ಬಾಳದಲ್ಲಿ ಸೇರಿ ನಂದಿ ಬೆಟ್ಟದ ಕಡೆಗೋ, ಕುಣಿಗಲ್ ದಾರಿಯಾಗಿ ಹಾಸನದ ಕಡೆಗೋ ಕಾರು ಓಡಿಸಿಕೊಂಡು ಹೋಗಿಬರುವ ರೂಢಿ ಇಟ್ಟುಕೊಂಡಿದ್ದೇವೆ. ಎಲ್ಲರೂ ಸ್ಕೋಡಾ ಆಕ್ಟೇವಿಯಾ ಕಾರಿನ ವೇಗದ ಮಾದರಿಯಾದ ಆರ್‌ಎಸ್‌ನ ಅಭಿಮಾನಿಗಳು. ನನ್ನ ದೊಡ್ಡಪ್ಪನ ಮಗ ನಮ್ಮಲ್ಲಿ ಹಿರಿಯರು. ಅವರು ಮೊದಲ ತಲೆಮಾರಿನ ಆರ್‌ಎಸ್ ಕಾರನ್ನು ಇಂದಿಗೂ ಜತನದಿಂದ ಇಟ್ಟುಕೊಂಡಿದ್ದಾರೆ. 2025ರಲ್ಲಿ ಬಂದ ಹೊಸ ಆರ್‌ಎಸ್ ಅನ್ನು ಒಮ್ಮೆ ಓಡಿಸಿ ನೋಡಿದ ಅಣ್ಣ, "ಇದು ಮೆತ್ತಗಾಗಿದೆ, ಮನೆಮಂದಿಯನ್ನು ಕೂರಿಸಿಕೊಂಡು ಬೇಗ ಹೋಗುವ ಕಾರು ಅಷ್ಟೇ" ಎಂದುಬಿಟ್ಟರು. 265 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿಯ, 6.4 ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟುವ ಕಾರಿನ ಬಗ್ಗೆ ಹೀಗೆ ಹೇಳುವುದು ಬರೀ ಹಳೆಯದರ ಮೋಹ ಎಂದು ಕಿರಿಯರ ವಾದ. ಯಾರ ಮಾತು ಸರಿ?
– ಓದುಗರು, ರಾಜಾಜಿನಗರ

ಉತ್ತರ: ನಿಮ್ಮ ಅಣ್ಣನವರ ಅನುಭವವನ್ನು ನಾನು ಒಪ್ಪುತ್ತೇನೆ, ಅದಕ್ಕೆ ಅವರು ಕೊಡುವ ಕಾರಣವನ್ನು ಮಾತ್ರ ಒಪ್ಪಲಾರೆ. ಹೊಸ ಆರ್‌ಎಸ್ ಮೆತ್ತಗಾಗಿಲ್ಲ. ತಿರುವನ್ನು ಹಿಡಿಯುವ ಬಗೆಯಲ್ಲಿ, ಬ್ರೇಕಿನ ಬಿಗಿಯಲ್ಲಿ, ತಿರುವು ದಾಟಿದ ಮೇಲೆ ಮುನ್ನುಗ್ಗುವುದರಲ್ಲಿ ಅದು ಹಳೆಯ ಕಾರನ್ನು ಬಹಳ ದೂರ ಹಿಂದೆ ಬಿಟ್ಟಿದೆ. ಕಡಿಮೆಯಾಗಿರುವುದು ಬೇರೆಯೇ ಒಂದು ಸಂಗತಿ. ನಾವು ದಿನನಿತ್ಯ ಓಡಿಸುವ ವೇಗದಲ್ಲಿ ಕಾರು ಚಾಲಕನಿಗೆ ಏನನ್ನು ತಿಳಿಸುತ್ತದೆ ಮತ್ತು ಅವನ ಕೈಕಾಲುಗಳಿಗೆ ಎಷ್ಟು ಕೆಲಸ ಒಪ್ಪಿಸುತ್ತದೆ ಎಂಬುದರಲ್ಲಿ ಕೊರತೆ ಬಿದ್ದಿದೆ, ಮತ್ತು ಅದು ಸಣ್ಣ ಕೊರತೆಯಲ್ಲ.

ಹಾಗೆಂದು ಹಳೆಯ ಆರ್‌ಎಸ್‌ಗೆ ಇಲ್ಲದ ಹಿರಿಮೆಯನ್ನು ಹೊರಿಸುವುದೂ ಬೇಡ. 2004ರ ಸುಮಾರಿಗೆ ನಮ್ಮಲ್ಲಿ ಮಾರಾಟಕ್ಕೆ ಬಂದ ಮೊದಲ ಆರ್‌ಎಸ್‌ನ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಕೊಡುತ್ತಿದ್ದದ್ದು 150 ಪಿಎಸ್. ಅದೇ ಕಾಲದಲ್ಲಿ ಯುರೋಪಿನವರಿಗೆ 180 ಪಿಎಸ್ ಸಿಗುತ್ತಿತ್ತು. 2011ರ ಲಾರಾ ವಿಆರ್‌ಎಸ್‌ನ (ಎರಡನೆಯ ತಲೆಮಾರಿನ ಆಕ್ಟೇವಿಯಾ ನಮ್ಮಲ್ಲಿ ಲಾರಾ ಎಂಬ ಹೆಸರಿನಲ್ಲಿ ಬಂತು) ಕಥೆಯೂ ಹಾಗೆಯೇ: ಅಲ್ಲಿನ 200 ಪಿಎಸ್‌ನ ಎರಡು ಲೀಟರ್ ಎಂಜಿನ್ ಇಲ್ಲಿಗೆ ಬರಲೇ ಇಲ್ಲ, ನಮಗೆ ದಕ್ಕಿದ್ದು 160 ಪಿಎಸ್‌ನ 1.8 ಲೀಟರ್ ಎಂಜಿನ್. 2017ರಲ್ಲಿ 230 ಪಿಎಸ್‌ನ ಆರ್‌ಎಸ್ ಬಂದಾಗಲಷ್ಟೇ ಯುರೋಪಿಗೆ ಸಾಟಿಯಾದ ಎಂಜಿನ್ ನಮ್ಮ ಕೈಗೆ ಬಂದದ್ದು. ಆದರೆ ಅದೇ ಕಾರಿನೊಂದಿಗೆ ಕ್ಲಚ್ ಪೆಡಲ್ ಮಾಯವಾಯಿತು. ಎರಡು ಕ್ಲಚ್‌ಗಳಿಂದ ತಾನಾಗಿ ಗೇರು ಬದಲಿಸುವ ಡಿಎಸ್‌ಜಿ ಗೇರ್‌ಬಾಕ್ಸ್ ಬಿಟ್ಟರೆ ಬೇರೆ ಆಯ್ಕೆ ಉಳಿಯಲಿಲ್ಲ. 2020ರಲ್ಲಿ 200 ಕಾರು, 2025ರಲ್ಲಿ ಬರೀ 100 ಕಾರು ಪೂರ್ಣವಾಗಿ ಆಮದಾಗಿ ಬಂದವು. ಶಕ್ತಿಯ ಲೆಕ್ಕವೊಂದನ್ನೇ ಹಿಡಿದರೆ ಇಲ್ಲಿ ಏರಿಕೆಯಲ್ಲದೆ ಇಳಿಕೆ ಕಾಣುವುದಿಲ್ಲ. ಆದ್ದರಿಂದ ಅಣ್ಣನವರಿಗೆ ಕೊರತೆಯೆನಿಸಿದ್ದು ಎಲ್ಲಿ ಎಂದು ಬೇರೆ ಕಡೆ ಹುಡುಕಬೇಕು.

ಮೊದಲು ಸ್ಟೇರಿಂಗ್ ನೋಡೋಣ. ಅಣ್ಣನವರ ಕಾರಿನಲ್ಲಿ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯ ಒತ್ತಡದಿಂದ ಸ್ಟೇರಿಂಗಿಗೆ ನೆರವು ಕೊಡುತ್ತದೆ. ಆ ಕಾರು ನಿಂತಲ್ಲೇ ಚಾಲೂ ಇರುವಾಗ ಸ್ಟೇರಿಂಗಿನ ಅಂಚನ್ನು ಹಗುರವಾಗಿ ಹಿಡಿದು ನೋಡಿ, ಎಂಜಿನ್ನಿನ ಸಣ್ಣ ನಡುಕ ಬೆರಳ ತುದಿಗೆ ತಾಗುತ್ತದೆ. ಡಾಂಬರು ಮುಗಿದು ಕಾಂಕ್ರೀಟು ಶುರುವಾದದ್ದು, ಚಕ್ರವೊಂದು ರಸ್ತೆಯಂಚಿನ ಮರಳನ್ನು ತುಳಿದದ್ದು ಅಂಗೈಗೆ ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ. ತಿರುವಿನ ನಡುವೆ ಮುಂದಿನ ಟೈರುಗಳ ಹಿಡಿತ ಸಡಿಲವಾಗುವ ಮುನ್ನವೇ ಸ್ಟೇರಿಂಗ್ ಒಂದಿಷ್ಟು ಹಗುರಾಗಿ ಎಚ್ಚರಿಸುತ್ತದೆ. ಹೊಸ ಕಾರಿನಲ್ಲಿ ಈ ನೆರವನ್ನು ಕೊಡುವುದು ವಿದ್ಯುತ್ ಮೋಟರು. ಎಷ್ಟು ಕೊಡಬೇಕೆಂದು ಕಂಪ್ಯೂಟರು ನಿರ್ಧರಿಸುತ್ತದೆ. ರಸ್ತೆಯ ಒರಟುತನ ಚಾಲಕನ ಕೈಗೆ ತೊಂದರೆಯಾಗಬಾರದೆಂದು ಅದನ್ನು ಸೋಸಿ ತೆಗೆಯುತ್ತಾರೆ, ಆ ಸೋಸುವಿಕೆಯಲ್ಲಿ ನಮಗೆ ಬೇಕಾದ ಸುದ್ದಿಯೂ ಒಂದಷ್ಟು ಕಳೆದುಹೋಗುತ್ತದೆ. ಹೊಸ ಕಾರಿನ ಸ್ಟೇರಿಂಗ್ ಹೆಚ್ಚು ಚುರುಕಾಗಿ, ಹೆಚ್ಚು ಕರಾರುವಾಕ್ಕಾಗಿ ತಿರುಗುತ್ತದೆಂಬುದು ನಿಜ. ಆದರೂ ಮುಂಚಕ್ರಗಳ ಕೆಳಗೆ ಏನು ನಡೆಯುತ್ತಿದೆ ಎಂಬುದನ್ನು ಅದು ಹೇಳುವುದು ಕಡಿಮೆ.

ಎರಡನೆಯದು ಗೇರು. ಡಿಎಸ್‌ಜಿಯಷ್ಟು ಬೇಗ ಗೇರು ಬದಲಿಸಲು ಯಾವ ಮನುಷ್ಯನಿಗೂ ಆಗದು. ಮುಂದಿನ ಗೇರನ್ನು ಎರಡನೆಯ ಕ್ಲಚ್‌ನಲ್ಲಿ ಮೊದಲೇ ಸಿದ್ಧವಾಗಿಟ್ಟುಕೊಂಡಿರುವುದರಿಂದ ಶಕ್ತಿಯ ಹರಿವು ಹೆಚ್ಚುಕಡಿಮೆ ತುಂಡಾಗುವುದೇ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನವೂ ಸಿಕ್ಕಿಬೀಳುವವರಿಗೆ ಇದರ ಉಪಕಾರವನ್ನು ವಿವರಿಸಬೇಕಾಗಿಲ್ಲ. ಆದರೆ ನಂದಿ ಬೆಟ್ಟದ ಇಕ್ಕಟ್ಟಾದ ತಿರುವಿಗೆ ಮುನ್ನ ಬ್ರೇಕು ತುಳಿಯುತ್ತಲೇ ಅದೇ ಪಾದದ ಅಂಚಿನಿಂದ ಆಕ್ಸಿಲರೇಟರನ್ನು ತಟ್ಟಿ, ಎಂಜಿನ್ನಿನ ವೇಗವನ್ನು ಹೊಂದಿಸಿ, ಮೂರರಿಂದ ಎರಡನೆಯ ಗೇರಿಗೆ ಸದ್ದಿಲ್ಲದೆ ಇಳಿಸುವ ಕೆಲಸದಲ್ಲಿ ಒಂದು ಕಲಿಕೆ ಇತ್ತು. ಅದನ್ನು ಸರಿಯಾಗಿ ಮಾಡಿದ ದಿನ ಆಗುವ ಸಂತೋಷಕ್ಕೆ ವೇಗ ಬೇಕಾಗಿರಲಿಲ್ಲ, ಗಂಟೆಗೆ ನಲವತ್ತು ಕಿಲೋಮೀಟರಿನಲ್ಲೂ ಅದು ಸಿಗುತ್ತಿತ್ತು. ಹೊಸ ಆರ್‌ಎಸ್‌ನಿಂದ ಹೋದವುಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತರುವುದು ಇದೇ. ಈ ತಲೆಮಾರಿನ ಕಾರಿಗೆ ಯುರೋಪಿನಲ್ಲಿ ಮೊದಮೊದಲು ಕೈಗೇರಿನ ಆಯ್ಕೆ ಇತ್ತು. 265 ಪಿಎಸ್‌ಗೆ ಏರಿದ ಮೇಲೆ ಅಲ್ಲಿಯೂ ಅದನ್ನು ನಿಲ್ಲಿಸಿದರು.

ಇನ್ನು ಕಿರಿಯರ ಪಕ್ಷದಲ್ಲಿ ಹೇಳಲೇಬೇಕಾದ ಮಾತು. ಶಕ್ತಿಯೆಲ್ಲ ಮುಂಚಕ್ರಗಳಿಗೇ ಹೋಗುವ ಕಾರಿನಲ್ಲಿ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ, ಭಾರ ಕಡಿಮೆಯಾದ ಒಳಗಿನ ಚಕ್ರ ಸುಮ್ಮನೆ ಸುತ್ತತೊಡಗುತ್ತದೆ ಮತ್ತು ಕಾರಿನ ಮೂಗು ಹೊರಕ್ಕೆ ಜಾರುತ್ತದೆ. 2017ರ ಕಾರಿನಲ್ಲಿ ಇದಕ್ಕೆ ಪರಿಹಾರವೆಂದರೆ ಸುತ್ತುವ ಚಕ್ರಕ್ಕೆ ತಾನಾಗಿ ಬ್ರೇಕು ಹಾಕುವುದು. 2020ರ ಕಾರಿನಲ್ಲೂ ಈಗಿನದರಲ್ಲೂ ಎಲೆಕ್ಟ್ರಾನಿಕ್ ನಿಯಂತ್ರಣದ ಡಿಫರೆನ್ಷಿಯಲ್ (ಎರಡೂ ಮುಂಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಇದೆ. ಅದು ತನ್ನೊಳಗಿನ ಕ್ಲಚ್ ತಟ್ಟೆಗಳನ್ನು ಬಿಗಿಗೊಳಿಸಿ ಶಕ್ತಿಯನ್ನು ಹೊರಗಿನ ಚಕ್ರಕ್ಕೆ ಕಳಿಸುತ್ತದೆ. ಹೊರಜಾರಬೇಕಿದ್ದ ಮೂಗು ಒಳಕ್ಕೆ ಎಳೆದುಕೊಳ್ಳುವುದನ್ನು ಒಮ್ಮೆ ಅನುಭವಿಸಿದವರು ಈ ಕಾರಿಗೆ ಖದರಿಲ್ಲ ಎನ್ನಲಾರರು. ಹಿಂದಿನ ಸಸ್ಪೆನ್ಷನ್ ವಿಷಯದಲ್ಲೂ ಹೊಸದೇ ಮೇಲು. ಮೊದಲ ತಲೆಮಾರಿನ ಕಾರಿನಲ್ಲಿ ಹಿಂಚಕ್ರಗಳೆರಡನ್ನೂ ಒಂದೇ ತೊಲೆ ಜೋಡಿಸುತ್ತಿತ್ತು. ಈಗ ಪ್ರತಿ ಚಕ್ರಕ್ಕೂ ತನ್ನದೇ ಆದ ಹಲವು ತೋಳುಗಳ ಆಧಾರವಿದೆ.

ತೊಡಕಿರುವುದು ಈ ಹೊಸ ಗುಣಗಳು ಎದ್ದು ಕಾಣುವ ವೇಗದಲ್ಲಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೂರರ ಮಿತಿಯನ್ನು ಕ್ಯಾಮೆರಾಗಳು ಕಾಯುತ್ತಿವೆ; ನಂದಿ ಬೆಟ್ಟದ ದಾರಿಯಲ್ಲಿ ಸೈಕಲ್ ಸವಾರರೂ ನಡೆದು ಹತ್ತುವವರೂ ಇರುತ್ತಾರೆ, ಅವರ ನಡುವೆ ಕಾರಿನ ಸಾಮರ್ಥ್ಯ ಪರೀಕ್ಷಿಸುವುದು ಅಪರಾಧವೇ ಸರಿ. ಹಳೆಯ ಕಾರು ಈ ಮಿತಿಯೊಳಗೇ ತನ್ನ ಶಕ್ತಿಯ ಬಹುಪಾಲನ್ನು ಖರ್ಚು ಮಾಡಿಬಿಡುತ್ತದೆ, ಆದ್ದರಿಂದ ಚಾಲಕನಿಗೆ ಕೈತುಂಬ ಕೆಲಸ. ಹೊಸದಕ್ಕೆ ಆ ವೇಗ ಮೈಮುರಿದು ಏಳುವಷ್ಟರ ಶ್ರಮವೂ ಅಲ್ಲ. ನಿಮ್ಮ ಅಣ್ಣನವರು ಅದನ್ನು ಓಡಿಸಿದ್ದು ಇಂಥ ರಸ್ತೆಯಲ್ಲೇ ಆಗಿದ್ದರೆ, ಅವರಿಗೆ ಬೇಸರವಾದದ್ದು ಸಹಜ.

ಇದರಲ್ಲಿ ಕಂಪನಿಯ ಉದಾಸೀನ ನನಗೆ ಕಾಣುವುದಿಲ್ಲ. ಇಂಧನ ಉಳಿಸಲು ವಿದ್ಯುತ್ ಸ್ಟೇರಿಂಗ್ ಬೇಕಾಯಿತು, ಲೇನ್ ತಪ್ಪಿದರೆ ಕಾರನ್ನು ತಾನೇ ಸರಿದಾರಿಗೆ ತರುವ ವ್ಯವಸ್ಥೆಗೂ ಅದೇ ಬೇಕು. ಯುರೋಪಿನ ಹೊಸ ಸುರಕ್ಷತಾ ನಿಯಮಗಳು ಅಂಥ ವ್ಯವಸ್ಥೆಗಳನ್ನು ಕಡ್ಡಾಯ ಮಾಡಿವೆ. ಡಿಕ್ಕಿಯಲ್ಲಿ ಪ್ರಾಣ ಉಳಿಸುವ ಗಟ್ಟಿ ದೇಹ, ಹೆಚ್ಚು ಏರ್‌ಬ್ಯಾಗ್ ಬಂದಾಗ ತೂಕವೂ ಬಂತು. ನನ್ನ ಮನೆಯವರನ್ನು ಕೂರಿಸಿಕೊಂಡು ರಾತ್ರಿ ಶಿರಾಡಿ ಘಾಟಿ ಇಳಿಯಬೇಕಾದರೆ ನಾನು ಹೊಸ ಕಾರನ್ನೇ ಆರಿಸಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಒಬ್ಬನೇ ಹೊರಡುವುದಾದರೆ ನಿಮ್ಮ ಅಣ್ಣನವರ ಬಳಿ ಕೀಲಿ ಕೇಳುತ್ತೇನೆ.

ಪ್ರಶ್ನೆ: ನನ್ನಲ್ಲಿ 2017ರ ಆರ್‌ಎಸ್ ಇದೆ. ಕೊಂಡ ಹೊಸದರಲ್ಲಿದ್ದ ಬಿಗಿ ಈಗಿಲ್ಲ. ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿದರೆ (ಹೆಚ್ಚು ಶಕ್ತಿ ಬರುವಂತೆ ಅದರ ತಂತ್ರಾಂಶ ಬದಲಿಸಿದರೆ) ಹಳೆಯ ಖದರು ಮರಳುತ್ತದೆ ಎಂದು ಪೀಣ್ಯದ ಗ್ಯಾರೇಜಿನವರೊಬ್ಬರು ಹೇಳುತ್ತಾರೆ. ಮಾಡಿಸಲೇ?
– ಓದುಗರು, ಬನಶಂಕರಿ

ಉತ್ತರ: ದಯವಿಟ್ಟು ಈಗಲೇ ಬೇಡ. ನೀವು ಹೇಳುತ್ತಿರುವ ಲಕ್ಷಣ ಎಂಜಿನ್ನಿಗೆ ಸೇರಿದ್ದಲ್ಲ. ನಮ್ಮ ನಗರದ ಗುಂಡಿಗಳಲ್ಲೂ ಅವೈಜ್ಞಾನಿಕ ಹಂಪ್‌ಗಳಲ್ಲೂ ಇಷ್ಟು ವರ್ಷ ಓಡಿದ ಕಾರಿನಲ್ಲಿ ಸಸ್ಪೆನ್ಷನ್ ತೋಳುಗಳ ರಬ್ಬರ್ ಬುಷ್‌ಗಳು ಬಿರುಕು ಬಿಟ್ಟಿರುತ್ತವೆ, ಶಾಕ್ ಅಬ್ಸಾರ್ಬರ್‌ಗಳು ದಣಿದಿರುತ್ತವೆ. ಸ್ಟೇರಿಂಗ್ ತಿರುಗಿಸಿದ ಕ್ಷಣಕ್ಕೂ ಕಾರು ತಿರುಗುವ ಕ್ಷಣಕ್ಕೂ ನಡುವೆ ಒಂದು ಸಡಿಲ ಹುಟ್ಟಿಕೊಳ್ಳುವುದು ಇದರಿಂದಲೇ. ಮೊದಲು ಕಾರನ್ನು ರ‍್ಯಾಂಪಿಗೆ ಏರಿಸಿ, ಮುಂದಿನ ಕೆಳತೋಳುಗಳ ಹಿಂಬದಿಯ ಬುಷ್‌ಗಳನ್ನು ಟಾರ್ಚಿನ ಬೆಳಕಿನಲ್ಲಿ ನಿಮ್ಮ ಕಣ್ಣಾರೆ ನೋಡಿ. ರಬ್ಬರು ಸೀಳಿದ್ದರೆ ಎದ್ದು ಕಾಣುತ್ತದೆ. ಅವನ್ನು ಬದಲಿಸಿ, ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ.

ಆಮೇಲೆ ಟೈರು. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ತಯಾರಾದ ವಾರ, ಉಳಿದೆರಡು ವರ್ಷ. ಐದಾರು ವರ್ಷ ದಾಟಿದ ಟೈರಿನಲ್ಲಿ ಹಲ್ಲು ಎಷ್ಟೇ ಉಳಿದಿದ್ದರೂ ರಬ್ಬರು ಗಟ್ಟಿಯಾಗಿ ಹಿಡಿತ ಕುಂದಿರುತ್ತದೆ. ಬೆಲೆ ಕಡಿಮೆಯೆಂದು ಮೈಲೇಜಿಗಾಗಿ ಮಾಡಿದ ಟೈರನ್ನು ಈ ಕಾರಿಗೆ ಹಾಕಿಸಿದ್ದರಂತೂ ಸ್ಕೋಡಾದ ಎಂಜಿನಿಯರುಗಳು ಮಾಡಿದ ಶ್ರಮವೆಲ್ಲ ವ್ಯರ್ಥ. ಕಾರಿನ ಡ್ರೈವಿಂಗ್ ಮೋಡ್‌ಗಳಲ್ಲಿ ಸ್ವಂತ ಆಯ್ಕೆಯದೊಂದು ಇರುತ್ತದೆ. ಅದರಲ್ಲಿ ಎಂಜಿನ್ ಮಾತ್ರ ಸ್ಪೋರ್ಟ್‌ನಲ್ಲಿರಲಿ, ಸ್ಟೇರಿಂಗ್ ನಾರ್ಮಲ್‌ನಲ್ಲಿರಲಿ. ಸ್ಪೋರ್ಟ್‌ನಲ್ಲಿ ಸ್ಟೇರಿಂಗ್ ಭಾರವಾಗುತ್ತದೆಯೇ ಹೊರತು ಹೆಚ್ಚಿನ ಸುದ್ದಿಯೇನನ್ನೂ ಕೊಡುವುದಿಲ್ಲ.

ರೀಮ್ಯಾಪ್‌ನಿಂದ ಶಕ್ತಿ ಹೆಚ್ಚುತ್ತದೆ, ಸುಳ್ಳಲ್ಲ. ಆದರೆ ನಿಮ್ಮ ಕಾರಿನಲ್ಲಿ 350 ಎನ್‌ಎಂ ಟಾರ್ಕನ್ನೇ (ಚಕ್ರ ತಿರುಗಿಸುವ ಬಲ) ಮುಂಚಕ್ರಗಳು ಕಷ್ಟಪಟ್ಟು ನೆಲಕ್ಕೆ ಇಳಿಸುತ್ತಿವೆ. ಇನ್ನಷ್ಟು ಸುರಿದರೆ ಮಳೆಯಲ್ಲಿ ಚಕ್ರ ಸುತ್ತುವುದಷ್ಟೇ ಹೆಚ್ಚೀತು, ಡಿಎಸ್‌ಜಿಯ ಕ್ಲಚ್‌ಗಳಿಗೂ ಹೊರೆ. ತಯಾರಕರು ಕೊಟ್ಟ ಸ್ಥಿತಿಯಿಂದ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಟ್ಟುಪಾಡು ಹಾಕಿದೆ ಎಂಬುದೂ, ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಬಹುದೆಂಬುದೂ ನೆನಪಿರಲಿ.

ಪ್ರಶ್ನೆ: ಆರ್‌ಎಸ್ ಸಿಗದೆ ನಿರಾಶನಾಗಿದ್ದೇನೆ. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಅದಕ್ಕಿಂತ ಚೂಪಾದ ಕಾರೇ?
– ಓದುಗರು, ಮಲ್ಲೇಶ್ವರ

ಉತ್ತರ: ಎರಡೂ ಒಂದೇ ಮನೆತನದವು. ಅದೇ 265 ಪಿಎಸ್, 370 ಎನ್‌ಎಂನ ಎರಡು ಲೀಟರ್ ಎಂಜಿನ್, ಅದೇ ಏಳು ಗೇರಿನ ಡಿಎಸ್‌ಜಿ. ಗಾಲ್ಫ್‌ನ ಉದ್ದವೂ ಗಾಲಿಗಳ ನಡುವಿನ ಅಂತರವೂ ಕಡಿಮೆ, ಹಾಗಾಗಿ ಒಂದರ ಹಿಂದೊಂದು ಬರುವ ತಿರುವುಗಳಲ್ಲಿ ಅದು ಬೇಗ ದಿಕ್ಕು ಬದಲಿಸುತ್ತದೆ. ಆಕ್ಟೇವಿಯಾದ 600 ಲೀಟರ್ ಡಿಕ್ಕಿಯೂ ಹಿಂದಿನ ಸೀಟಿನ ಜಾಗವೂ ಅದರಲ್ಲಿಲ್ಲ. 1976ರ ಮೊದಲ ಜಿಟಿಐ 110 ಪಿಎಸ್‌ನ ಹಗುರ ಕಾರಾಗಿತ್ತು. ಅದರ ಅಭಿಮಾನಿಗಳಲ್ಲೂ ರಾಜಾಜಿನಗರದ ಓದುಗರ ಮನೆಯ ಈ ವಾದವೇ ದಶಕಗಳಿಂದ ನಡೆದಿದೆ. ಒಬ್ಬರೇ ಅಥವಾ ಇಬ್ಬರೇ ಓಡಾಡುವವರಾದರೆ ಗಾಲ್ಫ್ ತೆಗೆದುಕೊಳ್ಳಿ. 2025ರಲ್ಲಿ ಇಲ್ಲಿಗೆ ಬಂದಾಗ ಅದರ ಷೋರೂಂ ಬೆಲೆ ಸುಮಾರು 53 ಲಕ್ಷ ರೂಪಾಯಿ ಇತ್ತು. ಕರ್ನಾಟಕದಲ್ಲಿ ಇಂಥ ಕಾರಿಗೆ 18%ರಷ್ಟು ಆಜೀವ ತೆರಿಗೆ ಮತ್ತು ಅದರ ಮೇಲಿನ ಸೆಸ್ ಸೇರುತ್ತವೆಂಬುದನ್ನು ಲೆಕ್ಕ ಹಾಕಿಕೊಂಡೇ ಮುಂಗಡ ಕೊಡಿ.

ಪ್ರಶ್ನೆ: ಹೊಸ ಆರ್‌ಎಸ್‌ನ ನಿಜವಾದ ಗುಣ ತಿಳಿಯಲು ಬೆಂಗಳೂರಿನವರು ಎಲ್ಲಿಗೆ ಹೋಗಬೇಕು?
– ಓದುಗರು, ವೈಟ್‌ಫೀಲ್ಡ್

ಉತ್ತರ: ಎರಡು ಜಾಗಗಳಿವೆ. ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈನ ರೇಸ್ ಟ್ರ್ಯಾಕ್ ಇದೆ, ಉದ್ದ ಸುಮಾರು 3.7 ಕಿಲೋಮೀಟರ್, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಖಾಸಗಿ ಕಾರುಗಳನ್ನು ಓಡಿಸಲು ಅವಕಾಶ ಕೊಡುವ ಟ್ರ್ಯಾಕ್ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗಿ. ಮೇಲೆ ಹೇಳಿದ ಡಿಫರೆನ್ಷಿಯಲ್‌ನ ಕೆಲಸವನ್ನು ಯಾರಿಗೂ ಅಪಾಯ ತರದೆ ಅನುಭವಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಮತ್ತು ಹೊಸ ಕಾರು ಮೆತ್ತಗಿದೆ ಎನ್ನುವವರನ್ನು ಪಕ್ಕದ ಸೀಟಿನಲ್ಲಿ ಕರೆದುಕೊಂಡು ಹೋಗುವುದು ಇನ್ನೂ ಒಳ್ಳೆಯದು. ಹೊರಡುವ ಮುನ್ನ ಬ್ರೇಕ್ ಆಯಿಲ್ ಬದಲಿಸಿಕೊಳ್ಳಿ: ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಎರಡು ವರ್ಷ ಹಳೆಯದಾದರೆ ಬ್ರೇಕುಗಳು ಕಾದಾಗ ಅದು ಕುದ್ದು, ಪೆಡಲ್ ನೆಲಕ್ಕೆ ಹೋಗುವ ಭಯವಿದೆ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಆ ಸಲ ಹೋಗಬೇಡಿ. ಟ್ರ್ಯಾಕಿನಲ್ಲಿ ಆಗುವ ಹಾನಿಯನ್ನು ಸಾಮಾನ್ಯ ವಿಮೆ ಭರಿಸುವುದಿಲ್ಲ.