ಆನೆ ಕಾಸಿನ ಮೇಲೆ ಹುಣಸೆಹಣ್ಣು ಬೇಡ

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ ಆನೆ ಚಿತ್ರದ ತಾಮ್ರದ ಕಾಸೊಂದು ಸಿಕ್ಕಿದೆ. ಕಪ್ಪಾಗಿದೆ, 11 ಗ್ರಾಂಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ಆನೆಯ ಮೇಲೆ ಅರಬ್ಬಿ ಅಂಕಿಗಳಿವೆ. ಗೆಳೆಯರೊಬ್ಬರ ಸಹಾಯದಿಂದ ಎಡದಿಂದ 4221 ಎಂದು ಓದಿಕೊಂಡೆ. ಪಕ್ಕದಲ್ಲಿ ಒಂದು ನೆಟ್ಟ ಗೆರೆ. ಹುಣಸೆಹಣ್ಣು ಹಾಕಿ ತಿಕ್ಕಲೇ? ಎಷ್ಟು ಬೆಲೆ ಬಂದೀತು?
— ಓದುಗರು, ಹೊಸನಗರ

ಉತ್ತರ: ತಿಕ್ಕಬೇಡಿ, ದಯವಿಟ್ಟು. ಹುಣಸೆಹಣ್ಣಿನ ಹುಳಿ ಕಪ್ಪನ್ನಷ್ಟೇ ಅಲ್ಲ, ತಾಮ್ರದ ಮೇಲ್ಪದರವನ್ನೂ ತಿನ್ನುತ್ತದೆ. ಅದರ ಜೊತೆ ಆನೆಯ ಬಾಲ, ಅಕ್ಷರದ ಚುಕ್ಕೆ ಎಲ್ಲ ಸವೆದು ಹೋಗುತ್ತವೆ. ಹೊಳೆಯುವ ಹಳೇ ಕಾಸನ್ನು ತಿಳಿದವರು ಕೊಳ್ಳುವುದೂ ಇಲ್ಲ. ಮಣ್ಣು ಮೆತ್ತಿದ್ದರೆ ಬರೀ ನೀರಲ್ಲಿ ನೆನೆಸಿ, ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒಣಗಿಸಿ.

ನಿಮ್ಮದು ಟಿಪ್ಪು ಸುಲ್ತಾನನ ಒಂದು ಪೈಸೆ. ತೂಕವೇ ಹೇಳುತ್ತಿದೆ. ಎರಡು ಪೈಸೆಯದು ಸುಮಾರು 22 ಗ್ರಾಂ, ಅರ್ಧ ಪೈಸೆ ಐದೂವರೆ. ಇಸವಿಯನ್ನು ಮಾತ್ರ ಬಲದಿಂದ ಎಡಕ್ಕೆ ಓದಿ: 1224. ಟಿಪ್ಪು 1787ರ ಹೊತ್ತಿಗೆ ಹಿಜರಿ ಬಿಟ್ಟು, ಪ್ರವಾದಿಯ ಹುಟ್ಟಿನಿಂದ ವರ್ಷ ಎಣಿಸುವ ಮೌಲೂದಿ ಲೆಕ್ಕ ತಂದ, ಅಂಕಿ ಬರೆಯುವ ದಿಕ್ಕನ್ನೂ ತಿರುಗಿಸಿದ. ಅದಕ್ಕೇ ಹೊಸಬರಿಗೆಲ್ಲ ಇಲ್ಲಿ ಗೊಂದಲ. ನಮ್ಮ ಲೆಕ್ಕದಲ್ಲಿ ಅದು 1796–97. ಆ ನೆಟ್ಟ ಗೆರೆ ಗೀರಲ್ಲ, ಅರಬ್ಬಿಯ ಮೊದಲ ಅಕ್ಷರ ಅಲಿಫ್. ಕೊನೆಯ ವರ್ಷಗಳ ಕಾಸುಗಳಲ್ಲಿ ಅಲಿಫ್, ಬೇ, ತೇ ಹೀಗೆ ಅಕ್ಷರಗಳು ಬರುತ್ತವೆ.

ಈಗ ಕಾಸನ್ನು ತಿರುಗಿಸಿ, ಸಂಜೆಯ ಓರೆ ಬಿಸಿಲಿಗೆ ಹಿಡಿಯಿರಿ. ಹಿಂದೆ ಟಂಕಸಾಲೆಯ ಊರು ಮತ್ತು ಕಾಸಿನ ಹೆಸರು ಇರುತ್ತವೆ. ಪೈಸೆಗೆ ಜೊಹ್ರಾ, ಅಂದರೆ ಶುಕ್ರ. ಅರ್ಧಕ್ಕೆ ಬಹ್ರಾಮ್, ಕಾಲಿಗೆ ಅಖ್ತರ್, ಎಂಟನೇ ಒಂದಕ್ಕೆ ಕುತುಬ್. ಊರು ಪಟನ್ ಎಂದಿದ್ದರೆ ಶ್ರೀರಂಗಪಟ್ಟಣ. ನಗರ್ ಎಂದಿದ್ದರೆ ನಿಮ್ಮ ತಾಲ್ಲೂಕಿನ ನಗರವೇ, ಹಳೆಯ ಬಿದನೂರು! ನನಗಂತೂ ಆ ಊರಿನ ಕಾಸು ಕಂಡರೆ ವಿಶೇಷ ಪ್ರೀತಿ. ನಿಮ್ಮದು ಅಲ್ಲಿನದೇ ಆಗಿದ್ದರೆ ಫೋಟೊ ಕಳಿಸದೆ ಇರಬೇಡಿ.

ಬೆಲೆ ನೋಡದೆ ಹೇಳಲಾರೆ. ಟಿಪ್ಪುವಿನ ಪೈಸೆಗಳು ಬಹಳ ಸಿಗುತ್ತವೆ, ಆದ್ದರಿಂದ ದೊಡ್ಡ ಆಸೆ ಬೇಡ. ಆದರೆ ಇದರಿಂದ ಸಂಗ್ರಹ ಶುರು ಮಾಡುವ ಮನಸ್ಸಿದ್ದರೆ ಸಣ್ಣ ಕಾಸುಗಳ ಹಿಂದೆ ಹೋಗಿ. ಎಲ್ಲರೂ ಬಾವುಟ ಹೊತ್ತ ಆನೆಯ ಎರಡು ಪೈಸೆಗೇ ಮುಗಿಬೀಳುತ್ತಾರೆ. ನಕಲಿ ಜಾಸ್ತಿ ಇರುವುದೂ ಅದರಲ್ಲೇ. ಅಂಚಿನ ಸುತ್ತ ಎರಕದ ಗೆರೆ ಕಂಡರೆ ಕೊಳ್ಳಬೇಡಿ, ಅಸಲಿ ಕಾಸು ಅಚ್ಚಿಟ್ಟು ಬಡಿದದ್ದು. ಕುತುಬ್ ಒಂದೂವರೆ ಗ್ರಾಂ ಕೂಡ ಇರುವುದಿಲ್ಲ, ಕಿರುಬೆರಳ ಉಗುರಿನಷ್ಟು ತಾಮ್ರ. ಅಷ್ಟರಲ್ಲೂ ಸೊಂಡಿಲು, ದಂತ ಬಿಡಿಸಿದ್ದಾನೆ ಅಚ್ಚು ಕೆತ್ತಿದವನು.

ಪ್ರತಿ ಕಾಸಿಗೂ ಪುಸ್ತಕದಲ್ಲಿ ತೂಕ, ಇಸವಿ, ಊರು, ಆನೆ ಎಡಕ್ಕಿದೆಯೋ ಬಲಕ್ಕಿದೆಯೋ ಬರೆದಿಡಿ. ಹೋಲಿಸಿ ನೋಡಲು ಜೆ. ಆರ್. ಹೆಂಡರ್ಸನ್ 1921ರಲ್ಲಿ ಮಾಡಿದ ಹೈದರ್–ಟಿಪ್ಪು ನಾಣ್ಯಗಳ ಪಟ್ಟಿ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಮತ್ತೆ, ವಿದೇಶದಲ್ಲಿರುವ ನೆಂಟರಿಗೆ ಕಾಸು ಕಳಿಸಲು ಹೋಗಬೇಡಿ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಿಂದ ಹೊರಗೆ ಸಾಗಿಸುವುದಕ್ಕೆ 1972ರ ಕಾನೂನಿನ ತಡೆ ಇದೆ.