ಓದುಗರ ಪ್ರಶ್ನೆ: ಹೊಂಡದ ತಳದಲ್ಲಿ ಮೀನಿಗೊಂದು ಮರೆ

ರಾಜಾನುಕುಂಟೆಯ ಓದುಗರು: ನಮ್ಮ ತೋಟದಲ್ಲಿ 20 ಮೀಟರ್ ಉದ್ದ, 15 ಮೀಟರ್ ಅಗಲದ ಮಣ್ಣಿನ ಹೊಂಡವಿದೆ. ತುಂಬಿದಾಗ ನಡುವೆ ಎಂಟಡಿ ನೀರು. ಕಾಟ್ಲಾ, ರೋಹು, ಮೃಗಾಲ್ ಸೇರಿ 150 ಮರಿ ಬಿಟ್ಟಿದ್ದೇವೆ. ತಳವೆಲ್ಲ ಬೋಳು, ಮೇಲೆ ನೀರುಕಾಗೆಗಳ ಕಾಟ. ಪೈಪು, ಮಡಕೆ ಇಟ್ಟರೆ ಮೀನು ಅಲ್ಲೇ ಮೊಟ್ಟೆ ಇಟ್ಟು ಹೆಚ್ಚುತ್ತವೆಯೇ?

ಉತ್ತರ: ಮೊಟ್ಟೆಯ ಆಸೆ ಬಿಡಿ. ಈ ಮೂರೂ ಹೊಳೆಯ ಮೀನುಗಳು. ಮಳೆಗಾಲದ ಹೊಸ ನೀರು ಹರಿದು ಬಂದಾಗ ಮೊಟ್ಟೆ ಇಡುವುದು ಅವುಗಳ ರೂಢಿ. ನಿಂತ ನೀರಲ್ಲಿ ಚೆನ್ನಾಗಿ ಬೆಳೆಯುತ್ತವೆ, ಮರಿ ಮಾಡುವುದಿಲ್ಲ. ಮರಿ ಉತ್ಪಾದಿಸುವವರು ಹಾರ್ಮೋನ್ ಚುಚ್ಚುವುದು ಇದಕ್ಕೇ. ಸಾಮಾನ್ಯ ಗೆಂಡೆಯಾದರೆ ನೀರುಗಿಡಕ್ಕೆ ಅಂಟುವ ಮೊಟ್ಟೆಯನ್ನು ಹೊಂಡದಲ್ಲೇ ಇಡುತ್ತದೆ. ಆದರೆ ಅದು ತಳ ಕೆದಕಿ ನೀರನ್ನು ಸದಾ ಕದಡಿಡುತ್ತದೆ, ಮುಂದೆ ಹೇಳುವಂತೆ ನಾಟಿದ ಬಿದಿರು ಗಳಗಳ ಬುಡವನ್ನೂ ಸಡಿಲಿಸುತ್ತದೆ.

ನಿಮಗೆ ಬೇಕಾದದ್ದು ಮರಿಗಳಿಗೆ ಮರೆ, ರೋಹುವಿಗೆ ಮೇವು. ಮೇವಿನ ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಮುಳುಗಿದ ಬಿದಿರಿನ ಮೇಲೆ ಎರಡು ಮೂರು ವಾರದಲ್ಲಿ ಕಂದು ಹಸಿರಿನ ಲೋಳೆ ಕಟ್ಟುತ್ತದೆ. ಬೆರಳಾಡಿಸಿದರೆ ಜಾರುತ್ತದೆ. ಪಾಚಿ, ಅದರಲ್ಲಿ ಸೇರಿಕೊಂಡ ಸಣ್ಣ ಹುಳ, ಎಲ್ಲವನ್ನೂ ರೋಹು ಕೆರೆದು ತಿನ್ನುತ್ತದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಬಿದಿರು, ಕಬ್ಬಿನ ಸಿಪ್ಪೆ ಬಳಸಿ ಇದರ ಪ್ರಯೋಗಗಳೇ ನಡೆದಿವೆ.

ಲೆಕ್ಕ ಹೀಗೆ. ಎರಡಿಂಚು ದಪ್ಪದ ಬಿದಿರು ಐದಡಿ ಮುಳುಗಿದರೆ 0.24 ಚದರ ಮೀಟರ್‌ನಷ್ಟು ಮೈ ಸಿಗುತ್ತದೆ. 120 ಗಳ ನಾಟಿದರೆ ಸುಮಾರು 29 ಚದರ ಮೀಟರ್, ಅಂದರೆ ನಿಮ್ಮ ಹೊಂಡದ ಮೇಲ್ಮೈಯ ಹತ್ತನೇ ಒಂದು ಭಾಗ. ಮೊದಲ ವರ್ಷಕ್ಕೆ ಇಷ್ಟು ಸಾಕು. ಹೊಂಡ ತುಂಬಿದಾಗ ಐದೂವರೆ ಅಡಿ ಆಳ ಬರುವ ಇಳಿಜಾರಿನಲ್ಲಿ ನಾಟಿ. ಮೇ ತಿಂಗಳಲ್ಲಿ ನೀರು ಇಳಿದಾಗ ಅಲ್ಲಿ ನಿಂತು ಕೆಲಸ ಮಾಡಲಿಕ್ಕಾಗುತ್ತದೆ. ಆರೂವರೆ ಅಡಿ ಗಳದಲ್ಲಿ ಒಂದೂವರೆ ಅಡಿ ಕೆಸರಿಗೆ ಇಳಿಯಬೇಕು, ಇಲ್ಲದಿದ್ದರೆ ಬಿದಿರು ತೇಲಿ ಮೇಲೇಳುತ್ತದೆ. ಮೂವತ್ತು ಗಳಕ್ಕೊಂದು ಗುಂಪು, ಗಳದಿಂದ ಗಳಕ್ಕೆ ಒಂದಡಿ ಅಂತರ. ಮೇಲ್ತುದಿಯನ್ನು ಗೆಣ್ಣಿನ ಮೇಲಕ್ಕೇ ಕೊಯ್ಯಿರಿ, ಸೀಳುವುದಿಲ್ಲ. ತುದಿ ತುಂಬಿದ ನೀರಿಗಿಂತ ಅರ್ಧ ಅಡಿ ಕೆಳಗಿರಲಿ. ನೀರಿನ ಮೇಲೆ ಚಾಚಿಕೊಂಡರೆ ಮಿಂಚುಳ್ಳಿಗೂ ನೀರುಕಾಗೆಗೂ ನೀವೇ ಪೀಠ ಹಾಕಿಕೊಟ್ಟಂತೆ. ಗುಂಪಿಗೊಂದು ಉದ್ದದ ಗಳ ಮಾತ್ರ ಗುರುತಿಗೆ ಬಿಡಿ, ನೀರಿಗಿಳಿಯುವವರ ಕಾಲಿಗೆ ಪೆಟ್ಟಾಗದಿರಲಿ.

ಬಂಬೂ ಬಜಾರ್‌ನಲ್ಲಿ ಬಿದಿರೂ ಸಿಗುತ್ತದೆ, ಸರ್ವೆ ಗಳವೂ ಸಿಗುತ್ತದೆ, ಎರಡೂ ಆದೀತು. ಅಗ್ಗವೆಂದು ಸೆಂಟ್ರಿಂಗ್‌ಗೆ ಬಳಸಿದ ಮರ ತರಬೇಡಿ, ಅದಕ್ಕೆ ಹಚ್ಚಿದ ಎಣ್ಣೆ ನೀರಿಗಿಳಿಯುತ್ತದೆ. ನಮ್ಮ ಕಡೆಯ ಕೆಮ್ಮಣ್ಣಿನ ನೀರಿಗೆ ಒಂದು ಪರೀಕ್ಷೆ ಇದೆ. ತೋಳನ್ನು ನೀರಿಗಿಳಿಸಿ, ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ಸರಿ. ಮಣಿಕಟ್ಟು ಮುಳುಗುವಾಗಲೇ ಮರೆಯಾದರೆ, ಬಣ್ಣವೂ ಕೆಂಪಾಗಿದ್ದರೆ, ಬಿಸಿಲು ಕೆಳಗಿಳಿಯುವುದಿಲ್ಲ, ಲೋಳೆಯೂ ಕಟ್ಟುವುದಿಲ್ಲ. ಮೊದಲು ಏರಿಯ ಮೇಲೆ ಹುಲ್ಲು ಬೆಳೆಸಿ, ಮಣ್ಣು ಕೊಚ್ಚಿ ಬರುವುದು ನಿಲ್ಲಲಿ.

ಪೈಪು ಮರಿಗಳಿಗಷ್ಟೇ. ನಾಲ್ಕಿಂಚಿನ ಪಿವಿಸಿಯನ್ನು ಎರಡಡಿ ತುಂಡು ಮಾಡಿ, ಅಂಚು ಉಜ್ಜಿ, ಮೂರು, ಎರಡು, ಒಂದರಂತೆ ಪೇರಿಸಿ ನೈಲಾನ್ ಹಗ್ಗದಿಂದ ಬಿಗಿಯಿರಿ. ಎರಡೂ ಬಾಯಿ ತೆರೆದಿರಲಿ. ಒಂದು ಮುಚ್ಚಿದರೆ ನೀರೊಳ್ಳೆ ಹಾವಿಗೆ ಸುಲಭದ ಊಟ. ನಾಲ್ಕಡಿ ಆಳದಲ್ಲಿಡಿ. ಎಂಟಡಿಯ ತಳದಲ್ಲಿ ಬೆಳಗಿನ ಜಾವ ಆಮ್ಲಜನಕ ಕಡಿಮೆ, ಅಲ್ಲಿಟ್ಟ ಮಡಕೆಯಲ್ಲಿ ಕಪ್ಪು ಕೆಸರು ತುಂಬುತ್ತದೆಯೇ ಹೊರತು ಮೀನು ಹೋಗುವುದಿಲ್ಲ.

ಇದೆಲ್ಲವೂ ಹೊಂಡದ ಒಂದೇ ಅರ್ಧದಲ್ಲಿರಲಿ. ಇನ್ನೊಂದು ಅರ್ಧ ಖಾಲಿ ಬಿಟ್ಟು ದಿನವೂ ಅಲ್ಲೇ ತಿಂಡಿ ಹಾಕಿ ಅಭ್ಯಾಸ ಮಾಡಿಸಿದರೆ ಮೀನು ಹಿಡಿಯುವ ದಿನ ಬಲೆ ಹರಿಯುವುದಿಲ್ಲ. ರಾತ್ರಿ ಬಂದು ಬಲೆ ಬೀಸುವವರ ಬಲೆ ಹರಿಯುವುದು ಬೇರೆ ಮಾತು.

ತಾವರೆಕೆರೆಯ ಓದುಗರು: ಮೀನಿಗೆ ಮರೆಯಾಗಲೆಂದು ಕಡಿದ ಮಾವು, ನೀಲಗಿರಿ ಕೊಂಬೆಗಳನ್ನು ಎಲೆ ಸಮೇತ ಹೊಂಡಕ್ಕೆ ಹಾಕಿದೆವು. ನೀರು ಚಹಾದ ಬಣ್ಣಕ್ಕೆ ತಿರುಗಿತು. ನಾಲ್ಕನೇ ದಿನ ಬೆಳಿಗ್ಗೆ ಮೀನುಗಳು ಸತ್ತು ತೇಲುತ್ತಿದ್ದವು. ನೀಲಗಿರಿ ವಿಷವೇ?

ಉತ್ತರ: ನೀಲಗಿರಿ ಎಲೆಯ ಸತ್ವವೂ ಮೀನಿಗೆ ಒಳ್ಳೆಯದಲ್ಲ. ಆದರೆ ಬೆಳಗಿನ ಹೊತ್ತು ಸತ್ತಿವೆ ಎಂದಿದ್ದೀರಿ, ಅದು ಉಸಿರುಕಟ್ಟಿದ ಗುರುತು. ಹಸಿ ಎಲೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ನುಂಗುತ್ತದೆ, ರಾತ್ರಿ ಪಾಚಿಯೂ ಅದನ್ನೇ ಬಳಸುತ್ತದೆ. ಸೂರ್ಯ ಹುಟ್ಟುವ ಮುಂಚೆ ಅದು ತೀರಾ ಕೆಳಗಿರುತ್ತದೆ. ಕೊಂಬೆಗಳನ್ನು ಇವತ್ತೇ ಎಳೆದುಹಾಕಿ, ತಿಂಡಿ ನಿಲ್ಲಿಸಿ, ಹೊಸ ನೀರು ಬಿಡಿ. ಬೋರ್‌ವೆಲ್ ನೀರಿನಲ್ಲೂ ಆಮ್ಲಜನಕ ಕಡಿಮೆ ಇರುವುದರಿಂದ ಪೈಪನ್ನು ನೀರೊಳಗೆ ಮುಳುಗಿಸಬೇಡಿ. ಮೂರಡಿ ಎತ್ತರದಿಂದ ತೂತು ಮಾಡಿದ ತಗಡಿನ ಮೇಲೆ ಸುರಿದು ಚದುರುವಂತೆ ಮಾಡಿ. ಮುಂದೆ ಕೊಂಬೆ ಹಾಕುವುದಾದರೆ ಎಲೆ ಪೂರ್ತಿ ಉದುರಿ, ಮುರಿದರೆ ಲಟಕ್ಕನೆ ಸದ್ದು ಬರುವಷ್ಟು ಒಣಗಿರಬೇಕು.

ಆನೇಕಲ್‌ನ ಓದುಗರು: ನಮ್ಮದು ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ಗಳ ನಾಟುವಂತಿಲ್ಲ. ಕಲ್ಲು ಪೇರಿಸಬಹುದೇ?

ಉತ್ತರ: ಬೇಡವೇ ಬೇಡ. ಕಲ್ಲು ಒಮ್ಮೆ ಜಾರಿದರೆ ಹಾಳೆ ಹೋಯಿತು. ಮೇಲಿನಿಂದ ಇಳಿಬಿಡಿ. ನಾಲ್ಕಿಂಚಿನ ಪಿವಿಸಿ ಪೈಪು, ನಾಲ್ಕು ಎಲ್ಬೋ ತಂದು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೇಲುವ ಚೌಕಟ್ಟು ಮಾಡಿ ಸಾಲ್ವೆಂಟ್ ಹಚ್ಚಿ ಬಿಗಿ ಮಾಡಿ. ಒಂದು ಜಾಯಿಂಟ್ ಸೋರಿದರೂ ನೀರು ತುಂಬಿ ಮುಳುಗುತ್ತದೆ, ಒಂದು ದಿನ ತೊಟ್ಟಿಯಲ್ಲಿ ಒತ್ತಿ ನೋಡಿ. ಅಡ್ಡಕ್ಕೆ ಹತ್ತು ಹಗ್ಗ ಕಟ್ಟಿ, ಒಂದೊಂದಕ್ಕೂ ಒಂದು ಮೀಟರ್ ಉದ್ದದ ಶೇಡ್ ನೆಟ್ ಪಟ್ಟಿ ಇಳಿಬಿಡಿ. ಪಟ್ಟಿಯ ಕೆಳಗೆ ನುಣುಪಾದ ಬೆಣಚುಕಲ್ಲು ಸುತ್ತಿ ಹೊಲಿದರೆ ನೇರ ನಿಲ್ಲುತ್ತದೆ. ಬಿಸಿಲು ಬೀಳುವ ಮೇಲಿನ ಮೂರಡಿಯಲ್ಲೇ ಇರುವುದರಿಂದ ಲೋಳೆ ಬೇಗ ಕಟ್ಟುತ್ತದೆ, ಮಧ್ಯಾಹ್ನ ಮೀನಿಗೆ ನೆರಳೂ ಆಯಿತು.

ಚೌಕಟ್ಟು ಕಟ್ಟುವ ಗೂಟವನ್ನು ಹಾಳೆಯ ಹೊರಗೆ ಏರಿಯ ಮೇಲೆ ಹೊಡೆದು, ಹಗ್ಗವನ್ನು ಸಡಿಲವಾಗಿ ಬಿಡಿ. ಬೇಸಿಗೆಯಲ್ಲಿ ಬಿಸಿಲಿಗೇ ದಿನಕ್ಕೆ 5–6 ಮಿ.ಮೀ. ನೀರು ಆವಿಯಾಗುತ್ತದೆ, ತೋಟಕ್ಕೆ ಎತ್ತುವುದು ಬೇರೆ. ಹಗ್ಗ ಗಿಡ್ಡವಾದರೆ ಚೌಕಟ್ಟು ಗಾಳಿಯಲ್ಲಿ ನೇತಾಡುತ್ತದೆ.

ಈ ಕೆಲಸಕ್ಕೆ ಇಳಿಯುವ ಮುನ್ನ ಎರಡು ಬದಿಗೂ ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ಮೇಲಿಂದ ತಳದವರೆಗೆ ಇಳಿಬಿಟ್ಟು ಕಟ್ಟಿ. ಪಾಚಿ ಹಿಡಿದ ಪ್ಲಾಸ್ಟಿಕ್ ಮೇಲೆ ಈಜು ಬಲ್ಲವರೂ ಹತ್ತಿ ಬರಲಾರರು.